ಭಾವನ ಕಣ್ಣು, ಪ್ಲೈವುಡ್ಡಿನ ಮೂಲೆ

ಐಮಂಗಲದಲ್ಲಿ ಕುರಿ ಸಾಕುವ ಮನೆಯವರೊಬ್ಬರು ಹೊಸ ಮನೆ ಕಟ್ಟಿಸಿದ್ದರು. ಅವರಿಗೆ ಕಪಾಟು ಮಾಡಿಕೊಡಲು ಹೊಳಲ್ಕೆರೆಯಿಂದ ನಾನೂ ಭಾವನೂ ಹೋಗಿದ್ದೆವು. ಭಾವ ನನ್ನ ಅಕ್ಕನ ಗಂಡ, ನನಗೆ ಬಡಗಿ ಕೆಲಸ ಕಲಿಸಿದವರು. ಪೆನ್ಸಿಲ್ ಗೆರೆಯಿಂದ ಅವರ ಗರಗಸ ಕೂದಲಷ್ಟೂ ಆಚೀಚೆ ಸರಿದದ್ದನ್ನು ನಾನು ಕಂಡಿರಲಿಲ್ಲ. ಆದರೆ ಆ ವರ್ಷ ಅವರು ಟೇಪನ್ನು ಮುಖದ ಹತ್ತಿರ ಹಿಡಿದು ಓದತೊಡಗಿದ್ದರು. ಅವರೂ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅದಕ್ಕೇ ಚಿತ್ರದುರ್ಗದಿಂದ ಹಳಿಯಂಥ ಪಟ್ಟಿಯ ಮೇಲೆ ಓಡುವ ಕಟಿಂಗ್ ಮಷಿನ್ ತಂದಿದ್ದೆ. ಉದ್ದನೆಯ ಅಲ್ಯುಮಿನಿಯಂ ಪಟ್ಟಿಯನ್ನು ಎರಡು ಗುರುತಿಗೆ ಕೂಡಿಸಿ ಬಿಗಿದರೆ ಸಾಕು, ಮಷಿನ್ ಅದರ ಮೇಲೆ ಜಾರುತ್ತ ಪ್ಲೈವುಡ್ ಹಾಳೆಯನ್ನು ಅಡ್ಡಲಾಗಿ ಕೊಯ್ಯುತ್ತದೆ. ಗೆರೆ ನೋಡುತ್ತ ಹೋಗಬೇಕಿಲ್ಲ. ಕೆಲಸ ಬೇಗ ಸಾಗುತ್ತದೆ ಎಂದಷ್ಟೇ ಭಾವನಿಗೆ ಹೇಳಿದ್ದೆ.

ಮೊದಲ ದಿನ ಭಾವನೇ ನಾಲ್ಕು ತುಂಡು ಕೊಯ್ದರು. ಜೋಡಿಸಿದರೆ ಕಪಾಟಿನ ಪೆಟ್ಟಿಗೆ ಒಂದು ಕಡೆ ವಾಲಿತು. ಮೂಲೆಯಿಂದ ಎದುರು ಮೂಲೆಗೆ ಎರಡೂ ಕಡೆಯಿಂದ ಟೇಪು ಹಿಡಿದೆ. ಎರಡು ಅಳತೆಗೂ ಕಿರುಬೆರಳಿನ ಉಗುರಿನಷ್ಟು ವ್ಯತ್ಯಾಸ. ಪಟ್ಟಿಗೆ ದಾರ ಹಿಡಿದು ನೋಡಿದೆ, ನೆಟ್ಟಗಿತ್ತು. ಬ್ಲೇಡೂ ಸರಿಯಿತ್ತು. ಉಳಿದದ್ದು ಭಾವನ ಕಣ್ಣು. ಅವರು ಚಹಾಕ್ಕೆ ಎದ್ದಾಗ, ಮುಂದಿನ ತುಂಡಿಗೆ ಅವರು ಹಾಕಿದ್ದ ಗುರುತುಗಳನ್ನು ಕಳ್ಳನಂತೆ ಅಳೆದೆ. ಎರಡೂ ಸರಿಯಾಗಿದ್ದವು.

ನನಗೆ ತಲೆಬುಡ ತಿಳಿಯಲಿಲ್ಲ. ಸ್ವಲ್ಪ ಹೊತ್ತು ಕುಂತ್ಕಳ್ರಿ ಎಂದು ಭಾವನನ್ನು ಕೂರಿಸಿ ನಾನೇ ಎರಡು ತುಂಡು ಕೊಯ್ದೆ. ಅವೂ ಸೊಟ್ಟ. ಭಾವ ಎದ್ದುಬಂದು, ಇನ್ನೂ ಮುಟ್ಟದ ಹಾಳೆಯೊಂದರ ತುದಿಯ ಮೇಲೆ ಹೆಬ್ಬೆರಳು ಆಡಿಸಿದರು. ಮೂಲೆ ಸರಿಯಿದೆಯೇ ಎಂದು ನೋಡುವ ಮೂಲೆಮಟ್ಟ ತರಲು ಹೇಳಿದರು. ಮೂಲೆಗೆ ಹಿಡಿದಾಗ ಮಟ್ಟಕ್ಕೂ ಹಾಳೆಗೂ ನಡುವೆ ಬೆಳಕು ಕಂಡಿತು. ಹಾಳೆಯೇ ಅಂಗಡಿಯಿಂದ ಸೊಟ್ಟಗೆ ಬಂದಿತ್ತು. ಆ ತುದಿಯನ್ನೇ ನಂಬಿ ನಾವಿಬ್ಬರೂ ಅಳತೆ ಹಿಡಿದಿದ್ದೆವು.

ನಾನು ನಕ್ಕೆ. ಭಾವ ನಗಲಿಲ್ಲ.

"ನನ್ ಕಣ್ಣೇ ಕೈಕೊಡ್ತು ಅಂದ್ಕಂಡಿದ್ದೆ ಕಣಪ್ಪ," ಎಂದರು. "ನೀನೂ ಹಂಗೇ ಅಂದ್ಕಂಡಿದ್ದೆ ಅಲ್ವಾ?"

"ಇಲ್ಲ ಭಾವ," ಎಂದೆ. ಯಾಕೆ ಸುಳ್ಳು ಹೇಳಿದೆನೋ ಗೊತ್ತಿಲ್ಲ.

ಪ್ರತಿ ಹಾಳೆಯ ತುದಿಯನ್ನೂ ಮೊದಲು ಮಟ್ಟಕ್ಕೆ ಸರಿಮಾಡಿಕೊಂಡು ಆಮೇಲೆ ಕೊಯ್ದೆವು. ಸೊಟ್ಟ ತುಂಡುಗಳು ಒಳಗಿನ ಸಣ್ಣ ಹಲಗೆಗಳಾದವು. ಮೂರನೆಯ ದಿನ ಕಪಾಟು ನೆಟ್ಟಗೆ ನಿಂತಿತು. ಮನೆಯ ಯಜಮಾನಿ ಬಾಗಿಲನ್ನು ಎರಡು ಸಲ ತೆಗೆದು ಮುಚ್ಚಿ ನೋಡಿ, ಉಣ್ಣಾಕೆ ಬರ್ರಿ ಎಂದು ಕರೆದರು. ನಾನು ಕೈ ತೊಳೆಯಲು ಹೊರಟಾಗ ಭಾವ ತಡೆದು, ಟೇಪನ್ನು ನನ್ನ ಕೈಗಿಟ್ಟರು.

"ಹಿಡಿಕೆ ಎಲ್ಲಿ ಬರ್ಬೇಕು, ನೀನೇ ಓದು. ನಂಗೆ ಕಾಣವಲ್ದು."

ಓದಿದೆ. ಅಂದರೆ ನಾನು ಅನುಮಾನಪಟ್ಟದ್ದು ನಿಜವೇ ಆಗಿತ್ತು, ಆದರೆ ತುಂಡುಗಳು ಸೊಟ್ಟಗಾದದ್ದಕ್ಕೆ ಅದು ಕಾರಣವಾಗಿರಲಿಲ್ಲ. ಮುಂದಿನ ವಾರ ದುರ್ಗದ ಕಣ್ಣಿನ ಡಾಕ್ಟರ ಬಳಿ ಹೋಗಾಣ ಎಂದಾಗ ಭಾವ ಎದುರಾಡದೆ ಬಂದರು. ಪೊರೆ ಬಂದಿದೆ, ತೆಗೆದರೆ ಸರಿಹೋಗುತ್ತದೆ ಎಂದರು ಡಾಕ್ಟರು. ಬಸ್ಸಿನಲ್ಲಿ ಮರಳುವಾಗ ಭಾವನಲ್ಲಿ ಕ್ಷಮೆ ಕೇಳಬೇಕೆನಿಸಿತು. ಆದರೆ ಅನುಮಾನಪಟ್ಟದ್ದಕ್ಕೋ, ಸುಳ್ಳು ಹೇಳಿದ್ದಕ್ಕೋ, ಇಷ್ಟು ದಿನ ಕೇಳದೇ ಉಳಿದದ್ದಕ್ಕೋ ತೀರ್ಮಾನಿಸಲಾಗಲಿಲ್ಲ. ಅಷ್ಟರಲ್ಲಿ ಹೊಳಲ್ಕೆರೆ ಬಂತು.