ಆರು ಕೆಲಸ, ಏಳುನೂರ ಇಪ್ಪತ್ತು ಸಾಲು

ಅಂಗಳ ಗುಡಿಸಿ ಸೆಗಣಿ ನೀರು ಹಾಕುವುದು, ಬಚ್ಚಲೊಲೆಗೆ ಬೆಂಕಿ ಮಾಡುವುದು, ಮಾವನ ಬಟ್ಟೆ ಒಗೆಯುವುದು, ಕಾಯಿ ತುರಿಯುವುದು, ಮೂರು ಮನೆಯಾಚೆಯ ಸಿಹಿನೀರಿನ ಬಾವಿಯಿಂದ ಎರಡು ಕೊಡ ತರುವುದು, ಕೊನೆಗೆ ಕುಚ್ಚಲಕ್ಕಿ ಒಲೆಗೇರಿಸುವುದು. ಕೋಟದ ಪಡುಕರೆಯ ಬಾಗಿ ಎಂಬವಳು ಬೆಳಕು ಹರಿಯುವ ಮೊದಲು ಶುರುಮಾಡುತ್ತಿದ್ದ ಕೆಲಸಗಳಿವು. ಮದುವೆಯಾಗಿ ಬಂದ ದಿನ ಅತ್ತೆ ಅಮ್ಮಣ್ಣಿ ಹೇಳಿಕೊಟ್ಟ ಸಾಲು ಹದಿನಾಲ್ಕು ವರ್ಷ ಒಂದು ದಿನವೂ ತಪ್ಪಿರಲಿಲ್ಲ. ಗುಡಿಸದ ಅಂಗಳ ದಾಟಿ ಹೊರಟರೆ ಹೋದ ಕೆಲಸ ಕೆಡುತ್ತದೆಂಬುದು ಆ ಮನೆಯ ನಂಬಿಕೆ.

ಬಾಗಿ ೧೯೯೭ರಲ್ಲಿ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಫೇಲಾಗಿದ್ದಳು. ೨೦೧೫ಕ್ಕೆ ಅವಳಿಗೆ ಮೂವತ್ತನಾಲ್ಕು. ಊರಿನ ಅಂಗನವಾಡಿಗೆ ಟೀಚರು ಬೇಕಿತ್ತು. ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, ಮೂವತ್ತೈದು ದಾಟಿರಬಾರದು. ಪಠ್ಯ ಬದಲಾಗಿದ್ದರಿಂದ ಹಿಂದಿನ ವರ್ಷ ಎಲ್ಲ ವಿಷಯಕ್ಕೂ ಖಾಸಗಿಯಾಗಿ ಕಟ್ಟಿ, ಗಣಿತ ಬಿಟ್ಟು ಉಳಿದೆಲ್ಲ ಗೆದ್ದಿದ್ದಳು. ಗಣಿತದ ದಿನ ಮಾತ್ರ ಅನ್ನ ಬೇಯುವುದನ್ನು ಕಾಯುತ್ತ ಏಳೂವರೆಯ ಬಸ್ಸು ತಪ್ಪಿತು. ಮುಂದಿನ ಬಸ್ಸು ಕುಂದಾಪುರ ಮುಟ್ಟುವಾಗ ಪರೀಕ್ಷಾ ಕೇಂದ್ರದ ಗೇಟು ಹಾಕಿತ್ತು.

ಈ ಸಲ ನಿವೃತ್ತ ಶಿಕ್ಷಕಿ ಪ್ರಭಾವತಿ ಸಂಜೆ ಪಾಠ ಹೇಳಿಕೊಟ್ಟರು. ವಸ್ತುಗಳನ್ನು ಎಷ್ಟು ಬಗೆಯಲ್ಲಿ ಸಾಲಾಗಿಡಬಹುದೆಂದು ಎಣಿಸುವ ಫ್ಯಾಕ್ಟೋರಿಯಲ್ ಬಂದಾಗ, "ನಿನ್ ಮನಿ ಆರ್ ಕೆಲ್ಸು ಎಷ್ಟ್ ತರ ಸಾಲ್ ಮಾಡ್ಲಕ್, ಹೇಳ್ ಕಾಂಬ" ಎಂದರು.

ಬಾಗಿ ಆರಕ್ಕೆ ಐದು, ಅದಕ್ಕೆ ನಾಲ್ಕು ಕೂಡಿಸುತ್ತ ಹೋಗಿ ಇಪ್ಪತ್ತೊಂದು ಎಂದಳು. ಕೆಲಸವೆಂದರೆ ಒಂದರ ಮೇಲೊಂದು ಪೇರಿಸುವುದೇ ಅವಳಿಗೆ ಗೊತ್ತಿದ್ದ ಲೆಕ್ಕ.

"ಕೂಡ್ಸುದಲ್ದೇ, ಗುಣ್ಸುದ್. ಮೊದ್ಲ್ ಆರ್ರಲ್ಲಿ ಯಾವ್ದಾರೂ ಹಿಡಿ. ಯಾವ್ದ್ ಹಿಡದ್ರೂ ಎರಡ್ನೇದಕ್ಕೆ ಐದ್ ಉಳಿತ್ತ್. ಅಲ್ಲಿಗೇ ಮೂವತ್ತಾಯ್ತಲೇ."

ಬಾಗಿ ಮೂವತ್ತನ್ನು ನಾಲ್ಕರಿಂದ ಗುಣಿಸಿದಳು, ಆಮೇಲೆ ಮೂರರಿಂದ, ಎರಡರಿಂದ, ಒಂದರಿಂದ. ಏಳುನೂರ ಇಪ್ಪತ್ತು. ಪೆನ್ನು ಕೆಳಗಿಟ್ಟು ಆ ಸಂಖ್ಯೆಯನ್ನೇ ನೋಡಿದಳು. ಆಮೇಲೆ ಯಾರೂ ಕೇಳದೆಯೇ ಮುಂದಿನ ಹೆಜ್ಜೆ ಇಟ್ಟಳು: ಸಿಹಿನೀರು ಬಾರದೆ ಅನ್ನಕ್ಕಿಡಲಾಗದು; ಅನ್ನ ಮೊದಲಾಗಿ ನೀರು ಆಮೇಲೆ ಬರುವ ಅರ್ಧದಷ್ಟು ಸಾಲು ಬಿಟ್ಟರೂ ಮುನ್ನೂರ ಅರವತ್ತು ಉಳಿಯುತ್ತವೆ. ಪ್ರಭಾವತಿ ಕನ್ನಡಕ ತೆಗೆದು ಒರೆಸಿಕೊಂಡರು. ಮೂವತ್ತು ವರ್ಷದ ನೌಕರಿಯಲ್ಲಿ ಇಂಥ ಪ್ರಶ್ನೆಯನ್ನು ತಾವಾಗಿ ಹಾಕಿಕೊಂಡ ಮಕ್ಕಳು ಅವರಿಗೆ ಸಿಕ್ಕಿದ್ದು ಕಡಿಮೆ.

ಮನೆಗೆ ಬಂದು ಅತ್ತೆಗೆ ಹೇಳಿದಳು.

"ಮುನ್ನೂರರವತ್ತಾ? ನಾನ್ ನಲ್ವತ್ತೊರ್ಷ ಒಂದೇ ತರ ಮಾಡ್ದೆ. ಯಾರೂ ಉಪಾಸ ಬೀಳ್ಲಿಲ್ಲ" ಎಂದರು ಅಮ್ಮಣ್ಣಿ.

"ಅನ್ನ ಕಡೀಗೆ ಎಂತಕ್ಕ್, ಅತ್ತೆ?"

"ನಿನ್ನ್ ಮಾವ ಕಡ್ಲಿಂದ ಬಪ್ಪತಿಗೆ ಒಂಬತ್ತ್ ಗಂಟೆ. ಬಿಸಿ ಬೇಕಿತ್ತ್ ಅವ್ರಿಗೆ."

ಮಾವ ಹಾಸಿಗೆ ಹಿಡಿದು, ದೋಣಿಗೆ ಹೋಗುವುದು ಬಿಟ್ಟು ಆರು ವರ್ಷವಾಗಿತ್ತು. ಗಂಡ ಗಣಪ ಮಲ್ಪೆಯ ಬೋಟಿನಲ್ಲಿ; ಮನೆಗೆ ಬರುತ್ತಿದ್ದುದು ಹದಿನೈದು ದಿನಕ್ಕೊಮ್ಮೆ. ದೋಣಿ ನಿಂತರೂ ಅದಕ್ಕಾಗಿ ಹೂಡಿದ ಸಾಲು ನಿಂತಿರಲಿಲ್ಲ.

ಪರೀಕ್ಷೆಯ ದಿನ ಬಾಗಿ ನಾಲ್ಕೂವರೆಗೆದ್ದು ಅಂಗಳ ಗುಡಿಸುವ ಹಿಡಿಯನ್ನು ಮುಟ್ಟದೆ ಕೊಡ ಎತ್ತಿದಳು. ನೀರು ತಂದು ಅನ್ನಕ್ಕಿಟ್ಟಳು. ಅದು ಕುದಿಯುತ್ತಿರುವಾಗ ಬಚ್ಚಲೊಲೆ ಉರಿಯಿತು, ಕಾಯಿ ತುರಿದಾಯಿತು, ಬಟ್ಟೆ ಒಗೆದಾಯಿತು. ಗಂಜಿ ಬಸಿದಾಗ ಗಂಟೆ ಆರೂಮುಕ್ಕಾಲು. ಅಂಗಳಕ್ಕೆ ಬೇಕಾದಷ್ಟು ಹೊತ್ತಿತ್ತು. ಅಷ್ಟರಲ್ಲಿ ಮಾವ ಕರೆದರು; ಹಾಸಿಗೆ ಮತ್ತೆ ಒದ್ದೆ. ಅವರನ್ನು ಮಗ್ಗುಲಾಗಿಸಿ, ಮೈ ಒರೆಸಿ, ಬಟ್ಟೆ ಬದಲಿಸಿ, ಹಾಸುಬಟ್ಟೆ ಹಿಂಡಿ ಹಾಕಿದಳು. ಈ ಏಳನೆಯ ಕೆಲಸವನ್ನು ಅವಳು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಸೀರೆ ಉಟ್ಟು ಹೊರಬಂದಾಗ ಏಳೂ ಇಪ್ಪತ್ತು. ಅತ್ತೆ ಬಚ್ಚಲಲ್ಲಿದ್ದರು. ಅಂಗಳದ ತುಂಬ ಹಲಸಿನೆಲೆ. ಬಾಗಿ ಹಿಡಿ ಕೈಗೆತ್ತಿಕೊಂಡಳು. ತಿರುವಿನಾಚೆ ಬಸ್ಸಿನ ಹಾರ್ನು ಕೇಳಿತು. ಹೋದ ವರ್ಷ ಗೇಟಿನ ಮುಂದೆ ನಿಂತದ್ದು ನೆನಪಾಯಿತು. ಅಂದು ಇದೇ ಅಂಗಳವನ್ನು ಚೆಂದವಾಗಿ ಗುಡಿಸಿಯೇ ಹೊರಟಿದ್ದಳು.

ಹಿಡಿಯನ್ನು ಗೋಡೆಗೆ ಒರಗಿಸಿ, ಹಾಲ್ ಟಿಕೆಟ್ಟು ಇನ್ನೊಮ್ಮೆ ನೋಡಿಕೊಂಡು, ಎಲೆಗಳ ಮೇಲೆ ಕಾಲಿಟ್ಟು ಅಂಗಳ ದಾಟಿದಳು.