ನಿನ್ನೆಗೂ ನಾಳೆಗೂ ಸೇರಿದ ಚಾಂದವಡದ ಹಾಲು

ಒಂದಾನೊಂದು ಊರಿನಲ್ಲಿ ಕೋಳಿ ಕೂಗಿ, ಎಮ್ಮೆ ಕರೆದು, ಕ್ಯಾನು ತುಂಬಿದ ಮೇಲೂ ಇನ್ನೊಂದು ಊರಿನಲ್ಲಿ ನಿನ್ನೆಯೇ ನಡೆಯುತ್ತಿತ್ತಂತೆ. ಎರಡೂ ಊರುಗಳ ನಡುವೆ ಒಬ್ಬಳು ಹೆಣ್ಣುಮಗಳು ಕುಳಿತು, ನಿನ್ನೆಯನ್ನು ಜಗ್ಗಿ ಜಗ್ಗಿ ಇವತ್ತಿಗೆ ತರುತ್ತಿದ್ದಳಂತೆ. ಕಥೆಯಾಗಿದ್ದರೆ ಅವಳಿಗೊಂದು ಮಂತ್ರದ ಕೋಲು ಸಿಗುತ್ತಿತ್ತು. ಜಗದೇವಿಗೆ ಸಿಕ್ಕಿರುವುದು ಅಲುಗಾಡುವ ಕೀಬೋರ್ಡು ಮತ್ತು ಚಿದಂಬರ ಸಾಹೇಬರು.

ಛತ್ರಪತಿ ಸಂಭಾಜಿನಗರದ ಒಂದು ಖಾಸಗಿ ಡೇರಿ. ಬೆಳಗಿನ ನಾಲ್ಕೂಕಾಲು. ಕಂಪ್ಯೂಟರ್ ಕೋಣೆಯಲ್ಲಿ ಜಗದೇವಿ ಶಾಲು ಹೊದ್ದು ಕೂತಿದ್ದಾರೆ. ಪಕ್ಕದಲ್ಲಿ ಇಲ್ಲಿನ ಸರ್ವರ್ ನೋಡಿಕೊಳ್ಳುವ ಧಾರವಾಡದ ಚಿದಂಬರ, ಮಂಕಿ ಕ್ಯಾಪಿನೊಳಗಿಂದ ಆಕಳಿಸುತ್ತಿದ್ದಾರೆ.

“ಮೂರು ವಾರ ಕಾಡಿ ಬೇಡಿ ಇವರನ್ನ ಎಬ್ಬಿಸೇನ್ರಿ,” ಎನ್ನುತ್ತಾರೆ ಜಗದೇವಿ. “ಎಮ್ಮಿ ಎಬ್ಬಿಸೋದು ಸಸಾರ.”

ಡೇರಿಯ ಮೂಲ ದಾಖಲೆ ಇರುವುದು ನಾಸಿಕದಲ್ಲಿ. ಅಲ್ಲಿ ಬರೆದದ್ದೆಲ್ಲ ಮರುಕ್ಷಣವೇ ಸಂಭಾಜಿನಗರದ ಸರ್ವರಿನಲ್ಲಿ ನಕಲಾಗುತ್ತದೆ. ಆ ನಕಲು ಸರಿಯಾಗಿ ಬಂತೇ ಎಂದು ಪರೀಕ್ಷಿಸುವುದು ಜಗದೇವಿಯ ಕೆಲಸ. ಗುತ್ತಿಗೆಯ ಮೇಲೆ, ಎಂಟು ವರ್ಷಗಳಿಂದ. ತಾಯಿ ಮಲಕವ್ವ ಯಾದಗಿರಿ ಕಡೆಯಿಂದ ಬಂದು ನಾಸಿಕದ ಕಟ್ಟಡಗಳಿಗೆ ಇಟ್ಟಿಗೆ ಹೊತ್ತವರು. ಸೈಟಿನ ತಗಡಿನ ಶೆಡ್ಡಿನಲ್ಲಿ ಓದಿ ಡಿಪ್ಲೊಮಾ ಮುಗಿಸಿದ ಮಗಳು ಕತ್ತಲಲ್ಲೇ ಏಳುವುದನ್ನು ಕಂಡು ಅವರು ಈಗಲೂ ಕೇಳುತ್ತಾರೆ: “ಎಲ್ಲಿಗೆ ಹೊಂಟಿ, ಹಾಲು ಹಿಂಡಾಕ?”

ಒಂದರ್ಥದಲ್ಲಿ ಹೌದು. ಸಂಭಾಜಿನಗರದ ಸರ್ವರನ್ನು ಕೂರಿಸಿದವರು ಅದಕ್ಕೆ ನಮ್ಮ ದೇಶದ ವೇಳೆ ಹೇಳಿಕೊಡುವುದನ್ನು ಮರೆತಿದ್ದರು. ಅದು ಐದೂವರೆ ಗಂಟೆ ಹಿಂದೆಯೇ ಉಳಿದಿತ್ತು. ನಾಸಿಕದ ಕಡೆಯ ಚಾಂದವಡ ಎಂಬ ಊರಿನಲ್ಲಿ ನಸುಕಿನ ನಾಲ್ಕೂವರೆಗೆ ಟ್ಯಾಂಕರ್ ತುಂಬಿದರೆ, ಇಲ್ಲಿನ ಪರದೆಯಲ್ಲಿ ಹಿಂದಿನ ದಿನದ ರಾತ್ರಿ ಹನ್ನೊಂದು. ನಿನ್ನೆಯ ಹಾಲಿಗೆ ಗೇಟಿನಲ್ಲಿ ತಡೆ. ಲ್ಯಾಬಿನವರು ಬರುವವರೆಗೆ ಟ್ಯಾಂಕರ್ ಬಿಸಿಲಲ್ಲಿ ನಿಂತು, ಮೂರು ಸಲ ಹಾಲು ಒಡೆದಿದೆ.

ಜಗದೇವಿ ಪರೀಕ್ಷೆಗೆಂದು ಅರ್ಧ ಗಂಟೆಗೊಂದರಂತೆ ದಿನದ ನಲವತ್ತೆಂಟು ಸುಳ್ಳು ನಮೂದು ಹಾಕಿ ತೋರಿಸಿದರು. ಅವುಗಳಲ್ಲಿ ಹನ್ನೊಂದು ನಮೂದುಗಳ ತಾರೀಖು ತಪ್ಪು, ಆ ಹನ್ನೊಂದೂ ನಸುಕಿನ ಐದೂವರೆಗೆ ಮುಂಚಿನವು. ಚಿದಂಬರ ಒಪ್ಪಲಿಲ್ಲ. ಅವರು ಆಫೀಸಿಗೆ ಬಂದು, ಚಹಾ ಕುಡಿದು, ಬೆಳಿಗ್ಗೆ ಹನ್ನೊಂದು ಗಂಟೆಗೆ ಹೊಸ ನಮೂದು ಹಾಕಿ ನೋಡುವವರು. ಆ ಹೊತ್ತಿಗೆ ಎರಡೂ ಊರಿನ ತಾರೀಖು ಒಂದೇ.

“ನಮ್ಮ ಕಡೆ ಎಲ್ಲಾ ಬರೋಬರಿ ಐತವ್ವಾ, ಅಂದ್ರು. ಎಷ್ಟ ಸಲ ಫೋನ್ ಮಾಡಿದ್ರೂ ಅದ! ನಸುಕಿನ ರೋಗಕ್ಕ ಮಧ್ಯಾಹ್ನ ನಾಡಿ ಹಿಡದ್ರ ಏನ್ ತಿಳೀತದರಿ?” ಎನ್ನುತ್ತಾರೆ ಜಗದೇವಿ.

ಕಡೆಗೊಮ್ಮೆ ಚಿದಂಬರ ಸರ್ವರಿಗೆ ಭಾರತದ ವೇಳೆ ಹೊಂದಿಸಿದರು. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಇರಲಿ ಎಂದು ಗೇಟಿನ ಪ್ರೋಗ್ರಾಮಿನಲ್ಲೂ ಐದೂವರೆ ಗಂಟೆ ಕೂಡಿಸಿದರು. ನಸುಕಿನ ಹಾಲು ಸರಿಹೋಯಿತು, ಸಂಜೆ ಏಳರ ಹಾಲು ನಾಳೆಗೆ ಜಿಗಿಯಿತು.

ಗೇಟಿನ ಕಾವಲುಗಾರ ಓಂಕಾರ ಪರದೆ ನೋಡಿ, “ಹೇ ದೂಧ್ ಉದ್ಯಾಚಂ ಆಹೆ” – ಇದು ನಾಳೆಯ ಹಾಲು, ನಾಳೆ ಬಾ – ಎಂದು ಟ್ಯಾಂಕರನ್ನು ತಡೆದ. ಚಾಲಕ ಲಾಲಸಾಬ ಇಂಡಿ ತಾಲೂಕಿನ ಕನ್ನಡದವರು. ಜಗದೇವಿಗೆ ಫೋನು ಹಚ್ಚಿದರು.

“ಅಕ್ಕಾ, ಮೊನ್ನಿ ತನಕ ಹಳೇ ಹಾಲ ತಂದಿ ಅಂತಿದ್ರು. ಈಗ ಎಮ್ಮಿ ಇನ್ನೂ ಕೊಡದ ಹಾಲ ತಂದೀನಂತ. ನಾ ಏನ್ ಜಾದೂಗಾರನ?”

ಡೇರಿಯ ಮಾತು ಖಡಕ್ಕಾಗಿತ್ತು: ಸೋಮವಾರದಿಂದ ಒಂದು ಟ್ಯಾಂಕರ್ ತಡೆದರೂ ಚಾಂದವಡದ ಹಾಲೇ ಬೇಡ. ಸೋಮವಾರ ನಿಮ್ಮ ಗಾಡಿ ನಿಲ್ಲುವುದಿಲ್ಲ ಎಂದು ಜಗದೇವಿ ಲಾಲಸಾಬರಿಗೆ ಮಾತು ಕೊಟ್ಟರು. ಆಮೇಲೆ ನಾಸಿಕದಿಂದ ಬಸ್ಸು ಹತ್ತಿ ತಾವೇ ಬಂದರು. ನಿನ್ನೆ ಸಂಜೆ ಗೇಟಿನ ಪ್ರೋಗ್ರಾಮಿನ ಆ ಹೆಚ್ಚಿನ ಸಾಲನ್ನು ಚಿದಂಬರರ ಕೈಯಿಂದಲೇ ಅಳಿಸಿ ಹಾಕಿಸಿದರು. ಏಳರ ಹಾಲು ನಿನ್ನೆಯದಾಗಿಯೇ ದಾಖಲಾಯಿತು. ಉಳಿದದ್ದು ನಸುಕಿನ ಹಾಲು.

ಇವತ್ತು ಆ ಸೋಮವಾರ. ನಾಲ್ಕೂವರೆಗೆ ಚಾಂದವಡದ ನಮೂದು ಬರುತ್ತದೆ. ಇವತ್ತಿನ ತಾರೀಖು, ನಾಲ್ಕೂವರೆ. ಚಿದಂಬರ ಕ್ಯಾಪು ಮೇಲೆತ್ತಿ ನೋಡುತ್ತಾರೆ. “ಬಂತಲ್ಲವ್ವಾ, ಇನ್ನ ಚಹಾ ಕುಡಿಯೋಣ?”

“ಗೇಟ್ ದಾಟ್ಲಿ, ಸರ್.”

ನಲವತ್ತೆಂಟು ನಮೂದುಗಳನ್ನೂ ಜಗದೇವಿ ಮತ್ತೊಮ್ಮೆ ಓಡಿಸುತ್ತಾರೆ. ತಪ್ಪು ಸೊನ್ನೆ. ಆದರೂ ನಂಬಿಕೆಯಿಲ್ಲ. ಎಂಟರ ಹೊತ್ತಿಗೆ ಚಿದಂಬರರನ್ನೂ ಕರೆದುಕೊಂಡು ಹೋಗಿ ಗೇಟಿನ ಬಳಿಯೇ ನಿಲ್ಲುತ್ತಾರೆ.

ಯೇವಲಾ ರಸ್ತೆಯ ಧೂಳು ಹೊತ್ತ ಟ್ಯಾಂಕರ್ ಬಂದು ನಿಲ್ಲುತ್ತದೆ. ಲಾಲಸಾಬ ಕೆಳಗಿಳಿಯುವುದಿಲ್ಲ, ಸ್ಟೇರಿಂಗ್ ಹಿಡಿದೇ ನೋಡುತ್ತಾರೆ. ಓಂಕಾರ ಪರದೆಯ ಮೇಲೆ ಬೆರಳಿಟ್ಟು ತಾರೀಖು ಓದುತ್ತಾನೆ, ಗೋಡೆಯ ಕ್ಯಾಲೆಂಡರ್ ನೋಡುತ್ತಾನೆ, ಮತ್ತೆ ಓದುತ್ತಾನೆ.

“ಆಜಚಂ ಆಹೆ. ಜಾ.” ಇವತ್ತಿನದೇ ಹಾಲು, ಹೋಗು.

ಸರಪಳಿ ಕೆಳಗಿಳಿಯುತ್ತದೆ. ಟ್ಯಾಂಕರ್ ಒಳಗೆ ಹೋಗುತ್ತದೆ. ಜಗದೇವಿ ಚಿದಂಬರರ ಕಡೆ ತಿರುಗಿ, ತುಂಬು ಗೌರವದಿಂದ ಕೈಮುಗಿಯುತ್ತಾರೆ.

“ಸರ್, ಇನ್ನ ಮ್ಯಾಲ ಸರ್ವರಿನ ಟೈಮಿಗೆ ಕೈ ಹಚ್ಚಬ್ಯಾಡ್ರಿ.”