ನೀಲಿ ಗೌನಿನ ಎರಡು ಇಂಚು

ನಾಲ್ಕು ದಿನದಲ್ಲಿ ಯಾವ ಹುಡುಗಿಯ ಸೊಂಟವೂ ಎರಡು ಇಂಚು ಬೆಳೆಯುವುದಿಲ್ಲ. ಮನೆಯಲ್ಲಿ ಒಂದು ಅಳತೆ ಬ್ಲೌಸು ಇಟ್ಟುಕೊಂಡವರಿಗೆಲ್ಲ ಇದು ಗೊತ್ತು. ಗೊತ್ತಿಲ್ಲದವರನ್ನು ಟೀವಿಯವರು ಕರೆದು ಜಡ್ಜ್ ಮಾಡಿ ಕೂರಿಸುತ್ತಾರೆ.

ಗುಬ್ಬಿ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ವನಜಮ್ಮನ ಟೈಲರಿಂಗ್ ಅಂಗಡಿ. ಇಪ್ಪತ್ತೆಂಟು ವರ್ಷದಿಂದ ಅದೇ ಮಿಷನ್ನು. ಯಾರ ಬ್ಲೌಸು ಹೊಲಿದರೂ ಪಕ್ಕದ ಹೊಲಿಗೆಯ ಒಳಗೆ ಒಂದಿಷ್ಟು ಬಟ್ಟೆಯನ್ನು ಕತ್ತರಿಸದೆ ಬಿಡುತ್ತಾರೆ. ಬಾಣಂತನ ಮುಗಿಸಿ ಬಂದವರಿಗೆ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಡಲು ಅದು. “ಮೈ ಅಂದ್ಮೇಲೆ ಏರ್ತದೆ, ಇಳೀತದೆ. ಅಡ್ಜಸ್ಟ್ ಮಾಡ್ಕೋಬೇಕಾದ್ದು ಬಟ್ಟೆ ಕಣಮ್ಮ, ನೀನಲ್ಲ” ಎನ್ನುತ್ತಾರೆ.

ಕಳೆದ ವರ್ಷ ಒಂದು ಚಾನೆಲ್ಲು ಮಾಡೆಲಿಂಗ್ ಸ್ಪರ್ಧೆ ಹೊತ್ತುಕೊಂಡು ತುಮಕೂರಿನ ಕಲ್ಯಾಣ ಮಂಟಪಕ್ಕೆ ಬಂತು. ಹಳ್ಳಿ ಹುಡುಗಿಯರನ್ನು ತಿದ್ದಿ ತೀಡಿ ಬೆಳಕಿಗೆ ತರುತ್ತಾರಂತೆ. ಕುಣಿಗಲ್ಲಿನಲ್ಲಿ ಕುದುರೆ ಕೊಳ್ಳಲು ಬಂದವರು ಹಲ್ಲು ನೋಡುತ್ತಿದ್ದರು, ಕಾಲು ಎತ್ತಿ ನೋಡುತ್ತಿದ್ದರು. ಆದರೆ ಕುದುರೆಯನ್ನು ಅಳುವಂತೆ ಮಾಡಿ, ಆ ಅಳುವಿನ ಹಿಂದೆ ಪಿಟೀಲು ಹಾಕುತ್ತಿರಲಿಲ್ಲ.

ಆ ಸ್ಪರ್ಧೆಗೆ ಆಯ್ಕೆಯಾದವಳು ನಿಟ್ಟೂರಿನ ಪಲ್ಲವಿ. ಹಿರೇಹಳ್ಳಿಯ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ, ಅಗಲ ನಗು. ಅವಳ ನೀಲಿ ಸ್ಯಾಟಿನ್ ಗೌನು ಹೊಲಿಯುವ ಕೆಲಸ ವನಜಮ್ಮನಿಗೆ ಬಂತು. ಅಳತೆ ಪುಸ್ತಕದಲ್ಲಿ ಬರೆದುಕೊಂಡರು: ಪಲ್ಲವಿ, ಸೊಂಟ ಮೂವತ್ತೆರಡು. ಹಾಕಿ ನೋಡಿದಾಗ ಗೌನು ಮೈಗೆ ಹೇಳಿ ಮಾಡಿಸಿದಂತೆ ಕೂತಿತ್ತು.

ಶೂಟಿಂಗಿಗೆ ನಾಲ್ಕು ದಿನ ಇರುವಾಗ ಕಾರ್ಯಕ್ರಮದ ಉಸ್ತುವಾರಿ ಮೋಹನ್‌ಕುಮಾರ್ ಗೌನು ಹಿಡಿದು ಅಂಗಡಿಗೆ ಬಂದ.

“ಮೇಡಂ, ಸೊಂಟದ ಹತ್ರ ಎರಡಿಂಚು ಹಿಡಿದು ಬಿಗಿ ಮಾಡ್ಬೇಕು.”

“ಯಾಕ್ ಸರ್? ಸರ್ಯಾಗೇ ಕೂತದಲ್ಲ.”

“ಪಲ್ಲವಿ ಡಯಟ್‌ನಲ್ಲಿದಾರೆ ಮೇಡಂ. ಅಷ್ಟೊತ್ತಿಗೆ ಇಳ್ದಿರ್ತಾರೆ.”

ವನಜಮ್ಮ ನಂಬಿದರು, ಹಿಡಿದರು. ಒಳಗಿನ ಬಟ್ಟೆಯನ್ನು ಮಾತ್ರ ಅಭ್ಯಾಸದಂತೆ ಕತ್ತರಿಸಲಿಲ್ಲ.

ಪಲ್ಲವಿಗೆ ಡಯಟ್ಟೂ ಗೊತ್ತಿಲ್ಲ, ಹಿಡಿದದ್ದೂ ಗೊತ್ತಿಲ್ಲ. ಶೂಟಿಂಗ್ ದಿನ ಜಿಪ್ಪು ಅರ್ಧಕ್ಕೆ ನಿಂತಿತು. ಹಾಗೇ ವೇದಿಕೆಗೆ ತಳ್ಳಿದರು. ಒಬ್ಬ ಜಡ್ಜ್, “ಏನಮ್ಮಾ, ಮುದ್ದೆ ಜೊತೆ ಪಾತ್ರೇನೂ ನುಂಗ್ಬಿಟ್ಯಾ?” ಎಂದ. ಇನ್ನೊಬ್ಬಳು, “ಗೌನಿಗೆ ಉಸಿರು ಕಟ್ತಿದೆ, ಯಾರಾದ್ರೂ ಆಂಬುಲೆನ್ಸ್ ಕರೀರಿ” ಎಂದಳು. ಪಲ್ಲವಿ ಅತ್ತಳು. ಆ ಅಳುವನ್ನು ನಿಧಾನಗತಿಯಲ್ಲಿ ಮೂರು ಸಲ ತೋರಿಸಿದರು.

ಉಳಿದದ್ದನ್ನು ನಾವು ಮಾಡಿದೆವು. ಕೋರದಿಂದ ಕುಣಿಗಲ್‌ವರೆಗೆ ಕ್ಲಿಪ್ಪು ಓಡಾಡಿತು. ಕಂಪನಿ ಬಸ್ಸಿನಲ್ಲಿ ಹುಡುಗರು, “ಏನ್ ಪಲ್ಲವಿ, ಇವತ್ತು ಜಿಪ್ ಹತ್ತಿತಾ?” ಎಂದು ಕೇಳಿದರು. ಅವಳ ಟಿಫಿನ್ ಬಾಕ್ಸು ಮುಚ್ಚಳ ತೆಗೆಯದೆ ಮನೆಗೆ ವಾಪಸು ಬರತೊಡಗಿತು.

ವಾರದ ಮೇಲೆ ಅವಳ ತಾಯಿ ಹನುಮಕ್ಕ ಗುಬ್ಬಿಗೆ ಬಂದಳು. “ವನಜಕ್ಕ, ನಮ್ ಹುಡ್ಗಿ ಅನ್ನ ಮುಟ್ತಾ ಇಲ್ಲ. ನಿನ್ನೆ ಬಚ್ಚಲಲ್ಲಿ ಬಿದ್ಬುಟ್ಳು. ನಿಜ ಹೇಳಕ್ಕ, ನೀನು ಅಳತೆ ತಗಂಡ ಮೇಲೆ ದಪ್ಪ ಆಗಿದ್ಳಾ?”

ವನಜಮ್ಮ ಕಾರ್ಯಕ್ರಮ ನೋಡಿರಲಿಲ್ಲ. ಹನುಮಕ್ಕನ ಫೋನಿನಲ್ಲಿ ನೋಡಿದರು. ತಾವೇ ಹಾಕಿದ ಹೊಲಿಗೆ.

ಮಾರನೆಯ ದಿನವೇ ಮೋಹನ್‌ಕುಮಾರ್ ಅದೇ ಗೌನು ತಂದ. “ಮೇಡಂ, ಮುಂದಿನ ವಾರ ಪಲ್ಲವಿ ಕಮ್‌ಬ್ಯಾಕ್. ಆ ಎರಡಿಂಚು ಬಿಟ್ಬಿಡಿ. ‘ಮೂರೇ ವಾರದಲ್ಲಿ ಸಣ್ಣ ಆದ್ಳು’ ಅಂತ ಎಪಿಸೋಡು. ಸಕತ್ತಾಗಿ ಓಡುತ್ತೆ.”

“ಅಂದ್ರೆ ಅವತ್ತು ಹಿಡ್ಸಿದ್ದು ಅವಳು ಅಳ್ಲಿ ಅಂತಾನಾ?”

“ಶೋ ಅಂದ್ರೆ ಹಂಗೇ ಮೇಡಂ. ಕೊನೇಗೆ ಅವಳಿಗೇ ಒಳ್ಳೇದಾಗುತ್ತೆ.”

ಬಿಚ್ಚದಿದ್ದರೆ ಹುಡುಗಿಗೆ ಮತ್ತೆ ಅವಮಾನ. ಬಿಚ್ಚಿದರೆ ಸುಳ್ಳಿಗೆ ಇನ್ನೊಂದು ಹೊಲಿಗೆ. ವನಜಮ್ಮ ಗೌನು ಇಟ್ಟುಕೊಂಡು, ಪಲ್ಲವಿಯನ್ನು ಕರೆಸಿದರು. ಕೆನ್ನೆ ಒಳಗೆ ಹೋಗಿತ್ತು. ಟೇಪು ಸುತ್ತಿದರು: ಮೂವತ್ತೊಂದೂವರೆ. ಗೌನನ್ನು ಒಳಮಗ್ಗುಲು ತಿರುವಿ, ಬ್ಲೇಡು ಅವಳ ಕೈಗೆ ಕೊಟ್ಟರು.

“ನೀನೇ ಬಿಚ್ಚು.”

ಬಿಚ್ಚಿದಳು. ಸ್ಯಾಟಿನ್ ಬಟ್ಟೆ ಸೂಜಿಯ ಗುರುತು ಮರೆಯುವುದಿಲ್ಲ. ಮೊದಲ ಹೊಲಿಗೆಯ ತೂತುಗಳು ಅಲ್ಲೇ ಸಾಲಾಗಿದ್ದವು.

“ಇದು ನಿನ್ನ ಅಳತೆ. ಈಚೆಗಿರೋ ಸಾಲು ಅವರು ಹೇಳಿ ನನ್ ಕೈಲಿ ಹಾಕ್ಸಿದ್ದು. ತಪ್ಪು ನಂದೂ ಅದೆ ಕಣೇ, ನಿನ್ನ ಕೇಳ್ದೆ ಹಾಕ್ಬಾರ್ದಿತ್ತು.”

ಪಲ್ಲವಿ ಆ ತೂತುಗಳ ಮೇಲೆ ಬೆರಳಾಡಿಸಿದಳು. “ಹಂಗಾದ್ರೆ ನಾನು ದಪ್ಪ ಆಗಿರ್ಲಿಲ್ವಾ ಆಂಟಿ?”

“ಆಗಿದ್ರೂ ನಗೋಕೆ ಅವರ್ಯಾರು?” ಎಂದ ವನಜಮ್ಮ ತಮ್ಮ ಡಬ್ಬಿಯ ಚಿತ್ರಾನ್ನ ಮುಂದೆ ಸರಿಸಿದರು. ಅವಳು ಅರ್ಧ ಡಬ್ಬಿ ತಿಂದಳು. ಎಷ್ಟು ತುತ್ತಾಯಿತೆಂದು ಎಣಿಸಲಿಲ್ಲ.

ಹಳೆಯ ತೂತುಗಳ ಮೇಲೇ ವನಜಮ್ಮ ಮತ್ತೆ ಹೊಲಿದುಕೊಟ್ಟಿದ್ದರು; ಕಮ್‌ಬ್ಯಾಕ್ ದಿನ ಜಿಪ್ಪು ಸರಾಗ ಹತ್ತಿತು. ಮುದ್ದೆ ಜೋಕಿನ ಜಡ್ಜೇ ಎದ್ದು ಚಪ್ಪಾಳೆ ತಟ್ಟಿದ. “ಭೇಷ್! ಎರಡಿಂಚು ಹೇಗಮ್ಮಾ ಇಳಿಸ್ದೆ?”

ಪಲ್ಲವಿ ಮೈಕು ಹಿಡಿದು ಹೇಳಿದಳು: “ನಾನ್ ಇಳಿಸಿಲ್ಲ ಸರ್. ಹೊಲಿಗೆ ಬಿಚ್ಚಿದೀವಿ. ನೀವೇ ಹಿಡಿಸಿದ್ರಲ್ಲ?”

ಮಂಟಪದಲ್ಲಿದ್ದ ನೂರಾರು ಜನ ಅದನ್ನು ಕೇಳಿಸಿಕೊಂಡರು. ಟೀವಿಯಲ್ಲಿ ನೋಡಿದವರಿಗೆ ಕೇಳಿಸಿದ್ದು ಪಿಟೀಲು. ಅವಳ ತುಟಿ ಆಡುತ್ತದೆ, ಕೆಳಗೆ ಅಕ್ಷರ ಓಡುತ್ತದೆ: ‘ಊಟ ಬಿಟ್ಟು ಗೆದ್ದ ಛಲಗಾತಿ.’

ಈಗ ವನಜಮ್ಮನ ಅಂಗಡಿಗೆ ಹೈಸ್ಕೂಲು ಹುಡುಗಿಯರು ಬಂದು, “ಆಂಟಿ, ಪಲ್ಲವಿ ಅಕ್ಕ ಎಷ್ಟ್ ದಿನ ಊಟ ಬಿಟ್ಟಿದ್ರು?” ಎಂದು ಕೇಳುತ್ತಾರೆ. ವನಜಮ್ಮ ಅಳತೆ ಪುಸ್ತಕ ತೆಗೆದು ತೋರಿಸುತ್ತಾರೆ. ಕೆಲವರು ನಂಬುತ್ತಾರೆ. ಉಳಿದವರು ಟೀವಿಯನ್ನು ನಂಬುತ್ತಾರೆ. ಪಲ್ಲವಿಯ ಡಬ್ಬಿ ಕೆಲವು ದಿನ ಖಾಲಿಯಾಗಿ ಬರುತ್ತದೆ; ಬಸ್ಸಿನಲ್ಲಿ ಯಾರಾದರೂ ಆ ಕ್ಲಿಪ್ಪು ಹಾಕಿದ ದಿನ ತುಂಬಿಕೊಂಡೇ ಬರುತ್ತದೆ.

ಆ ಕ್ಲಿಪ್ಪನ್ನು ನೀವೂ ಒಂದು ಗ್ರೂಪಿಗೆ ಹಾಕಿದ್ದಿರಿ. ನಗುವ ಬೊಂಬೆ ಸಮೇತ. ಫೋನು ತೆಗೆಯಿರಿ. ಅದೇ ಗ್ರೂಪಿನಲ್ಲಿ, ನಿಮ್ಮದೇ ಹೆಸರಿನಲ್ಲಿ ಬರೆಯಿರಿ: ಹುಡುಗಿ ದಪ್ಪಗಾಗಿರಲಿಲ್ಲ, ಗೌನು ಹಿಡಿಸಿದ್ದರು, ನಾನು ನಕ್ಕಿದ್ದು ತಪ್ಪು. ಬರೆದು ಕಳಿಸಿ. ಆಮೇಲೆ ಊಟಕ್ಕೆ ಕೂರಿ.